ಹೆಸರಿಲ್ಲದ ಮಿಡತೆ

ಪಡುವಣ ದಿಕ್ಕಿನಲ್ಲಿ ಒಂದಾನೊಂದು ರಾಜ್ಯವಿತ್ತಂತೆ. ಎಲ್ಲಿ ನೋಡಿದರೂ ಒಣ ಕುರುಚಲು ಕಾಡು. ಮಳೆ ಅಲ್ಲಿಗೆ ದಾರಿ ತಪ್ಪಿದರಷ್ಟೇ ಬರುತ್ತಿತ್ತು. ಆ ರಾಜ್ಯಕ್ಕೆ ಗರಳಾಕ್ಷನೆಂಬ ಮಾಂತ್ರಿಕ ಬಂದು ವಕ್ಕರಿಸಿದ. ಅವನು ಹೆಸರು ಹಿಡಿದು ಕರೆದರೆ ಸಾಕು, ಕರೆಸಿಕೊಂಡವರು ಕಲ್ಲು. ಮೂರು ಸಲ ಕರೆದೂ ಕಲ್ಲಾಗದಿದ್ದರೆ ಅವನೇ ಕಲ್ಲಾಗಬೇಕು, ಕಲ್ಲಾದವರೆಲ್ಲ ಏಳಬೇಕು, ಮಂತ್ರದ ಕಟ್ಟು ಹಾಗಿತ್ತು. ಆದರೆ ಲೋಕದ ಹೆಸರೆಲ್ಲ ಅವನ ನಾಲಿಗೆ ತುದಿಯಲ್ಲೇ ಇದ್ದವು, ಯಾರದು ಯಾವುದೆಂದು ಕೇಳಿಕೊಂಡರೆ ಮುಗಿಯಿತು.

ಆಡು ಕಾಯುವ ಗಾಳೆವ್ವನ ಗಂಡ ಕಾಳಿಂಗನೂ ಕಲ್ಲಾದ. ರಾಜ ಹೆದರಿ ನೆಲಮಾಳಿಗೆ ಸೇರಿದ್ದ. ಥೂ, ಅವನೊಬ್ಬ ರಾಜ! ಗಾಳೆವ್ವ ಅತ್ತಳು, ಕಣ್ಣೊರೆಸಿಕೊಂಡಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮಾಂತ್ರಿಕನ ಎದುರಿಗೇ ಹೋಗಿ ನಿಂತಳು.

“ಯಾರೇ ನೀನು? ಹೆಸರೇನು?” ಎಂದ ಗರಳಾಕ್ಷ.

“ನನ್ನ ಗಂಡನನ್ನೂ ಹೀಗೇ ಕಲ್ಲು ಮಾಡಿದೆ. ಹೆಸರು ಕೇಳಿಕೊಂಡು ಕಲ್ಲು ಮಾಡೋದು ಯಾವ ದೊಡ್ಡಸ್ತಿಕೆ? ತಾಕತ್ತಿದ್ದರೆ ಇದನ್ನ ಮಾಡು” ಎಂದು ಅವಳು ಅಂಗೈ ಬಿಚ್ಚಿದಳು. ಅಲ್ಲೊಂದು ಮಿಡತೆ. ಮಣ್ಣಿನ ಬಣ್ಣ, ಮೋಟು ರೆಕ್ಕೆ.

ಮಾಂತ್ರಿಕ ನಕ್ಕ. “ಮಿಡತೆಯೇ!” ಎಂದು ಕರೆದ. ಅದು ಕಾಲು ಉಜ್ಜಿಕೊಂಡಿತು.

“ಅದು ಕುಲದ ಹೆಸರಾಯಿತು. ‘ಮನುಷ್ಯ’ ಅಂದರೆ ಯಾರು ಕಲ್ಲಾಗ್ತಾರೆ?” ಎಂದಳು ಗಾಳೆವ್ವ.

“ಎಕ್ಕದ ಮಿಡತೆಯೇ!” ಎಕ್ಕದ ಗಿಡದ ಮೇಲಿದ್ದವಕ್ಕೆ ಜನ ಇಟ್ಟ ಹೆಸರೇ ಅದು, ಅವು ಟಪಟಪನೆ ಕಲ್ಲಾಗಿ ಬಿದ್ದವು. ಇದು ಮಾತ್ರ ಮೀಸೆ ಅಲ್ಲಾಡಿಸಿತು.

ಗರಳಾಕ್ಷನ ಹಣೆಯಲ್ಲಿ ಬೆವರೊಡೆಯಿತು. “ಅದಕ್ಕೊಂದು ಹೆಸರಿಟ್ಟು ಹೇಳು ತಾಯಿ. ನಿನ್ನ ಗಂಡನನ್ನು ಈಗಲೇ ಬಿಡ್ತೀನಿ.”

ಗಾಳೆವ್ವ ಮಿಡತೆಯನ್ನು ನೋಡಿದಳು. ಒಂದು ಹೆಸರು, ಒಂದೇ ಒಂದು ಮಾತು, ಕಾಳಿಂಗ ಮನೆಗೆ ಬರುತ್ತಾನೆ. ಉಳಿದವರು? ಅವಳು ಹಲ್ಲು ಕಚ್ಚಿದಳು.

“ನಮ್ಮ ಹಟ್ಟಿಯವರು ಹಾಲು ಕೊಡೋದಕ್ಕೆ ಹೆಸರಿಡ್ತಾರೆ, ಕಚ್ಚೋದಕ್ಕೆ ಹೆಸರಿಡ್ತಾರೆ. ಇದು ಎರಡೂ ಮಾಡಲ್ಲ. ಇದರ ಗೊಡವೆಗೆ ಯಾರೂ ಹೋಗಿಲ್ಲ. ನಿನಗೋಸ್ಕರ ನಾನು ಇಡ್ತೀನಾ? ಹೋಗೋ!”

ಮಾಂತ್ರಿಕನಿಗೆ ಮೈಯೆಲ್ಲ ಉರಿಯಿತು. ತಡೆಯಲಾರದೆ, ಬಾಯಿಗೆ ಬಂದದ್ದನ್ನು ಕೂಗಿದ: “ಕಲ್ಲುಮಿಡತೆಯೇ!”

ಮಿಡತೆ ಚಂಗನೆ ಹಾರಿ ಅವನ ಮೂಗಿನ ಮೇಲೆ ಕೂತಿತು. ಮೂಗು ಆಗಲೇ ಕಲ್ಲಾಗಿತ್ತು.

ಕಾಳಿಂಗ ಉಸಿರೆಳೆದುಕೊಂಡ. ಕಲ್ಲಾದವರೆಲ್ಲ ಎದ್ದರು. ರಾಜ ನೆಲಮಾಳಿಗೆಯಿಂದ ಮೇಲೆ ಬಂದು, ಗಂಟಲು ಸರಿಮಾಡಿಕೊಂಡು, “ಇನ್ನು ಮುಂದೆ ಇದು ನನ್ನ ಹೆಸರಿನ ರಾಜಮಿಡತೆ” ಎಂದು ಸಾರಿದ.

“ಅಯ್ಯೋ ಬೇಡಿ ದೊರೆ,” ಎಂದಳು ಗಾಳೆವ್ವ. “ಬಚ್ಚಿಟ್ಟುಕೊಂಡವರ ಹೆಸರು ಅದಕ್ಕ್ಯಾಕೆ? ಅದರ ಪಾಡಿಗೆ ಅದನ್ನ ಬಿಟ್ಟುಬಿಡಿ.”

ರಾಜ ತಲೆ ತಗ್ಗಿಸಿದ. ಗಾಳೆವ್ವ ಕಾಳಿಂಗರು ಆಡು ಕಾಯುತ್ತ ಸುಖವಾಗಿ ಬಾಳಿದರು. ಆಡುಗಳು ಮಾಂತ್ರಿಕನ ತಲೆ ಹತ್ತಿ ಸೊಪ್ಪು ಮೇಯುತ್ತಿದ್ದವು, ಯಾರೂ ಓಡಿಸುತ್ತಿರಲಿಲ್ಲ.