ಎಂಜಲಿನ ವಂಶಾವಳಿ

ಯಂತ್ರ ಕುಂಕುಮದ ಭರಣಿಗಿಂತ ದೊಡ್ಡದಿರಲಿಲ್ಲ. ಡಾ. ಮುನವಳ್ಳಿಯವರು ಹತ್ತಿಕಡ್ಡಿಯಿಂದ ನಾಲ್ಕು ವರ್ಷದ ಶಾಲ್ಮಲಾಳ ಮುಂದಿನ ಹಲ್ಲುಗಳನ್ನು ಮೆಲ್ಲನೆ ಸವರಿ, ಕಡ್ಡಿಯನ್ನು ಯಂತ್ರದೊಳಗೆ ಇಳಿಸಿ ಮುಚ್ಚಳ ತಿರುಗಿಸಿದರು. ಗೋಡೆಯ ಪರದೆಯ ಮೇಲೆ ಒಂದು ಗೆರೆ ಮೂಡಿತು. ಗೆರೆ ಕವಲಾಯಿತು, ಕವಲು ಮತ್ತೆ ಕವಲಾಯಿತು. ನೋಡನೋಡುತ್ತಿದ್ದಂತೆ ಮರವೊಂದು ಬೆಳೆದು ನಿಂತಿತು. ನೆರೆದಿದ್ದ ಪತ್ರಕರ್ತರು ಚಪ್ಪಾಳೆ ತಟ್ಟಿದರು. ಶಾಲ್ಮಲಾ ಮಾತ್ರ ಬಾಯಿ ಬಿಗಿಹಿಡಿದು, ತನ್ನನ್ನು ಎತ್ತಿಕೊಂಡಿದ್ದ ದಾದಿ ಫಕೀರವ್ವನ ಹೆಗಲಿಗೆ ಮುಖ ಒತ್ತಿದಳು.

ಧಾರವಾಡದ ಹಾಲುಹಲ್ಲು ಕೇಂದ್ರದಲ್ಲಿ ಅಂದು ದಂತಮೂಲ ಶೋಧಕದ ಮೊದಲ ಬಹಿರಂಗ ಪ್ರಯೋಗ. ಅದನ್ನು ಕಂಡುಹಿಡಿದ ಮುನವಳ್ಳಿಯವರಿಗೆ ಅರ್ಧ ಆಯುಷ್ಯವೇ ಅದರಲ್ಲಿ ಕಳೆದಿತ್ತು.

"ಹಲ್ಲು ಹುಳ ತಿಂದಿದೆ ಎನ್ನುತ್ತೇವೆ. ಆ ಹುಳವನ್ನು ಕಂಡವರು ಯಾರೂ ಇಲ್ಲ" ಎಂದು ಅವರು ಸಭೆಗೆ ವಿವರಿಸತೊಡಗಿದರು. "ಅದು ಕಣ್ಣಿಗೆ ಕಾಣದ ಜೀವಿ. ನಾವು ಅದನ್ನು ದಂತಾಣು ಎಂದು ಕರೆಯುತ್ತೇವೆ. ಮಗು ಹುಟ್ಟುವಾಗ ಅದರ ಬಾಯಲ್ಲಿ ದಂತಾಣು ಇರುವುದಿಲ್ಲ. ಅದಕ್ಕೆ ನೆಲೆಯೂರಲು ಗಟ್ಟಿ ನೆಲ ಬೇಕು. ಹಲ್ಲಿಲ್ಲದ ಬಾಯಲ್ಲಿ ಅದು ನಿಲ್ಲಲಾರದು. ಮಗುವಿಗೆ ಮೊದಲ ಹಲ್ಲು ಮೂಡಿದ ಮೇಲೆ, ದೊಡ್ಡವರ ಬಾಯಿಂದ ಬರುತ್ತದೆ. ನಾವು ರುಚಿ ನೋಡಿದ ಚಮಚದಿಂದ, ಕಚ್ಚಿ ಕೊಟ್ಟ ಹಣ್ಣಿನಿಂದ, ಮುತ್ತಿನಿಂದ. ಬಂದ ಮೇಲೆ ಸಕ್ಕರೆ ತಿಂದು ಹುಳಿ ಕಕ್ಕುತ್ತದೆ. ಆ ಹುಳಿ ಹಲ್ಲಿನ ಸುಣ್ಣವನ್ನು ಕರಗಿಸುತ್ತದೆ. ಮೊದಲು ಒಸಡಿನ ಅಂಚಿನಲ್ಲಿ ಬಿಳಿ ಮಚ್ಚೆ, ಆಮೇಲೆ ಕಂದು, ಆಮೇಲೆ ತೂತು. ಬಿಳಿ ಮಚ್ಚೆ ಇರುವಾಗಲೇ ಕರೆತಂದರೆ ಹಲ್ಲು ಉಳಿಯುತ್ತದೆ. ಆದರೆ ತಾಯಿತಂದೆ ಬರುವುದು ಮಗು ರಾತ್ರಿಯೆಲ್ಲ ಅತ್ತ ಮೇಲೆ. ಈ ಮರ ಆ ದಂತಾಣುವಿನ ವಂಶವೃಕ್ಷ; ಅದು ಯಾರ ಬಾಯಿಂದ ಬಂತೆಂದು ಹೇಳುತ್ತದೆ."

ಶಾಲ್ಮಲಾ ಎರಡು ತಿಂಗಳಿಂದ ಅಳುತ್ತಿದ್ದಳು. ಮುಂದಿನ ನಾಲ್ಕು ಹಲ್ಲುಗಳು ಬುಡದವರೆಗೆ ಕರಗಿದ್ದವು. ಅವನ್ನು ಕೀಳುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

"ಹಾಲುಹಲ್ಲಲ್ಲೇನ್ರೀ ಡಾಕ್ಟರ? ಹೆಂಗೂ ಬೀಳೂವು" ಎಂದರು ಮಗುವಿನ ಅಜ್ಜಿ ಸುಮಿತ್ರಾಬಾಯಿ.

"ಬೀಳ್ತಾವರೀ ಬಾಯಾರ, ಆದ್ರ ತಮ್ಮ ವ್ಯಾಳ್ಯಾಕ್ಕ ಬೀಳಬೇಕು. ಹಿಂದ ಬರೋ ಹಲ್ಲಿಗೆ ಜಾಗಾ ಹಿಡದು ಕೂತಿರತಾವ ಇವು. ಮೊದಲ ಹೋದ್ರ ಹೊಸಾ ಹಲ್ಲು ದಾರಿ ತಪ್ಪಿ ಬರತಾವ." ಅವರು ಮಗುವಿನ ತಾಯಿ ಪ್ರೇರಣಾಳ ಕಡೆ ತಿರುಗಿದರು. "ರಾತ್ರಿ ಹಾಲಿನ ಬಾಟ್ಲಿ ಬಾಯಾಗ ಇಟಗೊಂಡ ಮಲಗತಾಳೇನು?"

"ಹೋದ ವರ್ಷದ ತನಕ ಮಲಗತಿದ್ಲು" ಎಂದಳು ಪ್ರೇರಣಾ. "ಚೂರ ಸಕ್ಕರಿ ಹಾಕತಿದ್ದೆ. ನಂದು ರಾತ್ರಿ ಪಾಳಿ, ಡಾಕ್ಟರ. ಗದಗಿನ ಗಾಳಿಯಂತ್ರ ಎಲ್ಲಾ ಮನಿಯಿಂದನ ನಾ ನೋಡಕೋಬೇಕು. ಬಾಟ್ಲಿ ಇಲ್ಲದಿದ್ರ ಮಲಗತಿದ್ದಿಲ್ಲ."

ಡಾಕ್ಟರು ಹ್ಞೂಂ ಎಂದರು. ಪತ್ರಕರ್ತರು ಅದನ್ನು ಬರೆದುಕೊಳ್ಳಲಿಲ್ಲ. ಹಾಲಿನ ಬಾಟಲಿಯಲ್ಲಿ ಸುದ್ದಿ ಏನಿದೆ? ಎಲ್ಲರ ಕಣ್ಣು ಮರದ ಮೇಲಿತ್ತು.

ಪ್ರೇರಣಾಳಿಗೆ ಸಮಾಧಾನವಿರಲಿಲ್ಲ. ಮಗಳು ಹುಟ್ಟಿದ ದಿನವೇ ಅವಳು ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದಳು. ಮಗುವಿನ ಅನ್ನವನ್ನು ಯಾರೂ ಊದಿ ಆರಿಸಕೂಡದು, ಅದರ ಚಮಚ ಯಾರ ಬಾಯಿಗೂ ಹೋಗಕೂಡದು. ಸುಮಿತ್ರಾಬಾಯಿಯವರಿಗೆ ಹೇಳುವ ಅಗತ್ಯವೇ ಇರಲಿಲ್ಲ. ಎಂಜಲು ಎಂದರೆ ಮಾರು ದೂರ ಸರಿಯುವ ಹೆಂಗಸು ಅವರು. ಸ್ವಂತ ಮಗಳು ಪ್ರೇರಣಾ ಕುಡಿದ ಲೋಟವನ್ನು ಬೂದಿ ಹಚ್ಚಿ ತಿಕ್ಕಿಸಿದವರು. ಹೇಳಬೇಕಾಗಿದ್ದದ್ದು ಫಕೀರವ್ವನಿಗೆ. ಪ್ರೇರಣಾ ತೊಟ್ಟಿಲಲ್ಲಿದ್ದಾಗ ಆ ಮನೆಗೆ ಕೆಲಸಕ್ಕೆ ಬಂದ ಫಕೀರವ್ವ, ಈಗ ಅವಳ ಮಗಳನ್ನೂ ಸಾಕುತ್ತಿದ್ದಳು. "ಆತು ತಂಗಿ, ನನ್ನ ಬಾಯಿ ಕೂಸಿಗೆ ಮುಟ್ಟಸೂದಿಲ್ಲ" ಎಂದು ಅವಳು ಮಗುವಿನ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು.

ಡಾಕ್ಟರು ಮೊದಲು ಸುಮಿತ್ರಾಬಾಯಿಯವರ ಬಾಯಿಯ ಮಾದರಿ ತೆಗೆದರು. ಪರದೆಯ ಮೇಲೆ ಮತ್ತೊಂದು ಮರ ಬೆಳೆಯಿತು. ಮಗುವಿನ ಮರಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆಮೇಲೆ ಫಕೀರವ್ವನ ಸರದಿ. ಅವಳ ಮರ ಬೆಳೆಯಿತು, ವಾಲಿತು, ಮಗುವಿನ ಮರದ ಬುಡಕ್ಕೆ ಹೋಗಿ ಕೂಡಿಕೊಂಡಿತು. ಕೂಡಿದ ಜಾಗ ಕೆಂಪಗೆ ಹೊಳೆಯಿತು.

"ಒಂದೇ ವಂಶ!" ಎಂದರು ಮುನವಳ್ಳಿ. ಅವರ ದನಿ ನಡುಗಿತು. ಸಂತೋಷಕ್ಕೆ ನಡುಗಿತು ಎನ್ನುವುದನ್ನು ಹೇಳಲೇಬೇಕು. "ತಾಯಿಯ ಮಾದರಿಯನ್ನೂ ಒಮ್ಮೆ..."

"ನನ್ನ ಒಂದು ಹಲ್ಲೂ ಹುಳಕಿಲ್ಲ" ಎಂದಳು ಪ್ರೇರಣಾ. ಅವಳ ಕಣ್ಣು ಫಕೀರವ್ವನ ಮೇಲೆ ನೆಟ್ಟಿತ್ತು.

ಹುಳುಕಿಲ್ಲದ ಬಾಯಲ್ಲೂ ದಂತಾಣು ಇರಬಹುದು ಎಂದು ಡಾಕ್ಟರು ಹೇಳಬೇಕಿತ್ತು. ಅಷ್ಟು ತಿಳಿಯದ ವಿಜ್ಞಾನಿ ಅವರಲ್ಲ. ಆದರೆ ಕ್ಯಾಮೆರಾಗಳು ಕಾಯುತ್ತಿದ್ದವು, ಯಂತ್ರ ಮೊದಲ ದಿನವೇ ಕಳ್ಳಿಯನ್ನು ಹಿಡಿದಿತ್ತು. ಅವರು ಕ್ಯಾಮೆರಾಗಳತ್ತ ತಿರುಗಿದರು.

ಮನೆಗೆ ಬಂದ ಮೇಲೆ ಪ್ರೇರಣಾ ದನಿ ಏರಿಸಲಿಲ್ಲ. ಅದೇ ಹೆಚ್ಚು ಕೆಟ್ಟದಾಗಿತ್ತು.

"ಮಾತು ಕೊಟ್ಟಿದ್ದಿ, ಫಕೀರವ್ವ. ಕೂಸಿನ ತಲಿ ಮ್ಯಾಲೆ ಕೈ ಇಟ್ಟು."

"ಮಾತ ಮುರದಿಲ್ಲ ತಂಗಿ. ನಾ ಮುಟ್ಟಿಸಿಲ್ಲ."

"ಹಂಗಾರ ಯಂತ್ರ ಸುಳ್ಳ ಹೇಳತದೇನು?"

ಫಕೀರವ್ವ ಸುಮಿತ್ರಾಬಾಯಿಯವರ ಕಡೆ ನೋಡಿದಳು. ಅವರು ದೇವರ ಮನೆಯ ಹೊಸ್ತಿಲ ಬಳಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಉಂಡ ಮನಿಗೆ ಎರಡು ಬಗದಿ" ಎಂದಳು ಪ್ರೇರಣಾ. "ನಾಳಿಯಿಂದ ಬರಬ್ಯಾಡ."

ಫಕೀರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಟಳು. ಶಾಲ್ಮಲಾ ಬಾಗಿಲವರೆಗೆ ಓಡಿಹೋಗಿ ಅವಳ ಸೀರೆ ಹಿಡಿದಳು. ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ಪ್ರೇರಣಾ.

ದಂತಮೂಲ ಶೋಧಕ ಬೇಗ ಮನೆಮಾತಾಯಿತು. ಔಷಧದ ಅಂಗಡಿಗಳಲ್ಲೂ ಸಿಗತೊಡಗಿತು. ಮದುವೆ ಮನೆಗಳಲ್ಲಿ ಅಜ್ಜಿಯರ ಕೈಯಿಂದ ತುತ್ತು ಕಸಿದುಕೊಂಡರು. ಸೋದರತ್ತೆಯರಿಗೂ ತವರಿಗೂ ಮಾತು ಬಿಟ್ಟುಹೋಯಿತು. ಮಗುವಿನ ಹಲ್ಲು ಹುಳುಕಾದರೆ ಮೊದಲು ಕೇಳುತ್ತಿದ್ದ ಪ್ರಶ್ನೆ ಏನು ತಿಂತು ಎಂದು. ಈಗ ಯಾರದು ಎಂದು ಕೇಳುತ್ತಿದ್ದರು. ಚಾಕೊಲೇಟು ಮಾರುವವರು ನೆಮ್ಮದಿಯಾಗಿ ನಿದ್ದೆ ಮಾಡಿದರು.

ಶಾಲ್ಮಲಾಳ ಮುಂದಿನ ಹಲ್ಲುಗಳನ್ನು ಕಿತ್ತದ್ದಾಯಿತು. ಹೊಸದಾಗಿ ಬಂದ ದಾದಿ ಕೈಗವಸು ಹಾಕಿಕೊಂಡು ಉಣ್ಣಿಸಿದಳು. ಪ್ರೇರಣಾ ತಾನೇ ನಿಂತು ಎರಡು ಹೊತ್ತು ಹಲ್ಲುಜ್ಜಿಸಿದಳು. ಆದರೂ ಮಳೆಗಾಲ ಮುಗಿಯುವ ಹೊತ್ತಿಗೆ ದವಡೆಯ ಹಲ್ಲೊಂದರ ಅಂಚಿನಲ್ಲಿ ಬಿಳಿ ಮಚ್ಚೆ ಕಾಣಿಸಿತು. ಅವಳು ಮಗುವನ್ನು ಎತ್ತಿಕೊಂಡು ಹಾಲುಹಲ್ಲು ಕೇಂದ್ರಕ್ಕೆ ಧಾವಿಸಿದಳು.

"ಈಗ ಯಾರ ಎಂಜಲಾ ತಾಗೇದ, ನೋಡ್ರಿ" ಎಂದಳು.

ಈ ಸಲ ಕ್ಯಾಮೆರಾಗಳಿರಲಿಲ್ಲ. ಮುನವಳ್ಳಿಯವರು ಬಿಳಿ ಮಚ್ಚೆಗೆ ಸುಣ್ಣದ ಲೇಪ ಹಚ್ಚಿ, ಸಂಜೆ ಕೊಡುತ್ತಿದ್ದ ಕೆಮ್ಮಿನ ಸಿಹಿ ಔಷಧವಾದ ಮೇಲೆ ಬಾಯಿ ತೊಳೆಸಬೇಕೆಂದು ತಿಳಿಸಿದರು. ಆಮೇಲೆ, "ಅವತ್ತ ಬಿಟ್ಟಿದ್ದು ಇವತ್ತ ಮಾಡೋಣ. ಬಾಯಿ ತಗೀರಿ" ಎಂದು ಪ್ರೇರಣಾಳ ಹಲ್ಲುಗಳ ಮೇಲೆ ಹತ್ತಿಕಡ್ಡಿ ಆಡಿಸಿದರು.

ಪರದೆಯ ಮೇಲೆ ಹಳೆಯ ಮರಗಳ ಜೊತೆ ನಾಲ್ಕನೆಯ ಮರ ಬೆಳೆಯಿತು. ಅದು ಫಕೀರವ್ವನ ಮರಕ್ಕೂ ಮಗುವಿನ ಮರಕ್ಕೂ ನಡುವೆ ಹೋಗಿ ನಿಂತಿತು. ಒಂದು ಕಡೆ ಅದಕ್ಕೆ ಸೇರಿತು, ಇನ್ನೊಂದು ಕಡೆ ಇದಕ್ಕೆ. ಡಾಕ್ಟರು ಪರದೆಯ ಹತ್ತಿರ ಹೋಗಿ ನೋಡಿದರು.

"ಏನ ಹೇಳತದರೀ ಅದು?"

"ಮನಿಯಿಂದ ಮನಿಗೆ ಹೋದಂಗ ಹೋಳಿಗಿ ಮಾಡೋ ಪದ್ಧತಿ ಚೂರು ಚೂರು ಬದಲಾಗತದಲ್ಲ, ಹಂಗ ಇದೂ. ಬಾಯಿಂದ ಬಾಯಿಗೆ ಹೋದಾಗ ದಂತಾಣುವಿನ ವಂಶತಂತುವಿನಾಗ ಸಣ್ಣ ಬದಲಾವಣಿ ಆಗತಾವ. ಅದರಿಂದ ಯಾರಿಂದ ಯಾರಿಗೆ ಬಂತು ಅಂತ ಗೊತ್ತಾಗತದ." ಅವರು ಕನ್ನಡಕ ತೆಗೆದರು. "ಮಗಳಿಗೆ ಬಂದದ್ದು ನಿಮ್ಮಿಂದ, ಮುತ್ತ ಕೊಟ್ಟಾಗ ಇರಬೇಕು. ಫಕೀರವ್ವನಿಂದ ಅಲ್ಲ. ಆಕಿ ಕೂಸಿಗೆ ಬಾಯಿ ಮುಟ್ಟಿಸಿಲ್ಲ, ಖರೇನ ಹೇಳ್ಯಾಳ."

"ಹಂಗಾರ ನನಗ?"

"ನಿಮಗ ಫಕೀರವ್ವನಿಂದ ಬಂದದ. ಭಾಳ ಹಿಂದ, ನಿಮಗ ಮೊದಲನೇ ಹಲ್ಲು ಬಂದಾಗ. ನಿಮ್ಮ ತಾಯಿಯವರದು ನಿಮ್ಮ ಬಾಯಾಗ ಒಂದೂ ಇಲ್ಲ."

"ಅವತ್ತ ನನ್ನ ಬಾಯಿ ಯಾಕ ನೋಡಲಿಲ್ಲ ನೀವು?"

ಡಾಕ್ಟರು ಕನ್ನಡಕ ಒರೆಸುತ್ತಲೇ ಇದ್ದರು. "ಬ್ಯಾರೆಯವರ ಬಾಯಾಗ ಸಿಕ್ಕಿತ್ತಲ್ಲ" ಎಂದರು. ಇನ್ನೂ ಮೆಲ್ಲಗೆ ಸೇರಿಸಿದರು: "ದಂತಾಣು ಎಲ್ಲರ ಬಾಯಾಗೂ ಇರತದ, ಅವ್ವಾ. ಅದೊಂದ ಹಲ್ಲು ಕೆಡಸೂದಿಲ್ಲ. ರಾತ್ರಿಯೆಲ್ಲಾ ಸಕ್ಕರಿ ಕೊಟ್ಟು ಸಾಕಿದ್ದು ಬಾಟ್ಲಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದಕ್ಕೆ ಹಿಂದೆ ಮೂಢತನ ಸಾಕಾಗುತ್ತಿತ್ತು. ಈಗ ಅದಕ್ಕೊಂದು ಯಂತ್ರವೂ ಸಿಕ್ಕಿತ್ತು.

ಮನೆಯಲ್ಲಿ ಸುಮಿತ್ರಾಬಾಯಿಯವರು ಅದೇ ಹೊಸ್ತಿಲ ಬಳಿ ಕೂತಿದ್ದರು. ಪ್ರೇರಣಾ ಚಪ್ಪಲಿ ಕಳಚದೆ ಒಳಗೆ ಬಂದಳು. ಅವರು ಬೈಯಲಿಲ್ಲ. ಮಗಳ ಮುಖ ನೋಡಿದೊಡನೆ ಅವರಿಗೆ ಎಲ್ಲ ತಿಳಿಯಿತು.

"ನೀ ಊಟನ ಮಾಡತಿದ್ದಿಲ್ಲ" ಎಂದರು ಅವರೇ. "ಹತ್ತು ತಿಂಗಳ ಕೂಸು. ಏನ ಕೊಟ್ರೂ ಉಗಳತಿದ್ದಿ. ಕಟ್ಟಿಗಿ ಆದಂಗ ಆಗಿದ್ದಿ. ಡಾಕ್ಟರೂ ಕೈ ಚೆಲ್ಲಿದ್ರು. ಆಕಿ ರೊಟ್ಟಿ ಅಗದು, ಹಾಲಾಗ ಕಲಸಿ, ನಿನ್ನ ಬಾಯಾಗ ಇಟ್ಲು. ನೀ ನುಂಗಿದಿ."

"ನೀ ಯಾಕ ಅಗದು ಕೊಡಲಿಲ್ಲ?"

ಸುಮಿತ್ರಾಬಾಯಿ ಕೈಯಲ್ಲಿದ್ದ ಅರಳೆಯನ್ನು ನೋಡಿದರು. "ನನಗ ಹೇಸಿಗಿ ಬಂತು" ಎಂದರು.

ಅರಳೆಯನ್ನು ಕೆಳಗಿಟ್ಟು ಅವರೇ ಮುಂದುವರಿಸಿದರು.

"ಕೆಲಸದಾಕಿ ಎಂಜಲಾ ತಿಂದ ಕೂಸು ಅಂತ ನಿಮ್ಮಪ್ಪನ ಮನಿಯವರು ಆಡಕೊಳ್ಳಬಾರದಂತ, ಯಾರಿಗೂ ಹೇಳಬ್ಯಾಡ ಅಂತ ಎಲ್ಲಮ್ಮನ ಆಣಿ ಹಾಕಿಸಿಕೊಂಡೆ. ಆಕಿ ಇವತ್ತಿಗೂ ಹೇಳಿಲ್ಲ."

"ಆಕಿ ಹೇಳಿಲ್ಲ. ಆಕಿ ಇಲ್ಲೇ ನಿಂತಿದ್ಲು, ಅವ್ವಾ. ನಿನ್ನ ಮುಖಾ ನೋಡಿದ್ಲು. ನಾ ಆಕಿಗೆ ಎರಡು ಬಗದಾಕಿ ಅಂದೆ. ನೀ ಬತ್ತಿ ಹೊಸೀತಾ ಕೂತಿದ್ದಿ!"

"ನನಗ ಏನ ಗೊತ್ತ, ಅದು ಅಷ್ಟು ವರ್ಷದ ಮ್ಯಾಲೆ..." ಸುಮಿತ್ರಾಬಾಯಿ ಮತ್ತೆ ಅರಳೆ ಕೈಗೆತ್ತಿಕೊಂಡರು.

ಅದೇ ಸಂಜೆ ಪ್ರೇರಣಾ ಮಗಳನ್ನು ಕರೆದುಕೊಂಡು ಫಕೀರವ್ವನಿದ್ದ ಕೆಲಗೇರಿಗೆ ಹೋದಳು. ದಾರಿಯಲ್ಲಿ ಶಾಲ್ಮಲಾ ಹಟ ಹಿಡಿದು ಪೇರಲಹಣ್ಣು ಕೊಡಿಸಿಕೊಂಡಳು. ಫಕೀರವ್ವನಿಗೆ ಪೇರಲ ಎಂದರೆ ಪ್ರಾಣವೆಂಬುದು ಮಗುವಿಗೆ ನೆನಪಿತ್ತು.

ಫಕೀರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಇವರನ್ನು ಕಂಡು ಎದ್ದು ನಿಂತಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು.

"ಬರ್ರಿ ಬಾಯಾರ" ಎಂದಳು.

ಹುಟ್ಟಿದಂದಿನಿಂದ ತಂಗಿ ಎಂದು ಕರೆದವಳು ಈಗ ಪರರಂತೆ ಬಾಯಾರ ಎಂದದ್ದು ಪ್ರೇರಣಾಳಿಗೆ ಚುಚ್ಚಿತು. ಅವಳು ಇಡೀ ದಾರಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಹಾರಿಹೋದವು. "ತಪ್ಪಾತು, ಫಕೀರವ್ವ. ನಂದ ತಪ್ಪು. ಎಲ್ಲಾ ಗೊತ್ತಾತು. ಮನಿಗೆ ಬಾ."

"ಏನ ಗೊತ್ತಾತ್ರಿ?"

"ನೀ ನನಗ ರೊಟ್ಟಿ ಅಗದು ಉಣಿಸಿದ್ದು. ಮಷೀನ ಹೇಳ್ತು."

ಫಕೀರವ್ವ ನಕ್ಕಳು. ನಗುವಾಗ ಸೆರಗು ಜಾರಿತು. ಅವಳ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಕೆನ್ನೆಗಳು ಒಳಗೆ ಹೋಗಿದ್ದವು.

"ಇದೇನಿದು? ನಿನ್ನ ಹಲ್ಲು?"

"ಸಂತ್ಯಾಗ ಹಲ್ಲ ಕೀಳಾಂವ ಬರತಾನ್ರಿ. ಎಲ್ಲಾ ಕೀಳಿಸಿದ್ನಿ. ಹಲ್ಲ ಇಲ್ಲದ ಬಾಯಾಗ ಆ ಹುಳಾ ನಿಲ್ಲೂದಿಲ್ಲ ಅಂತ ಡಾಕ್ಟರ ಹೇಳಿದ್ರಲ್ಲ, ನಾ ಅಲ್ಲೇ ನಿಂತು ಕೇಳಿದ್ನಿ. ಹಲ್ಲ ಹೋದ್ರ ಕೂಸಿನ ಹಂತ್ಯಾಕ ಬಿಟಗೊಂಡಾರು ಅಂದಕೊಂಡೆ. ಬಾಯಿ ತೋರಸಾಕ ಮನಿಗೂ ಬಂದಿದ್ನಿ. ಅಮ್ಮಾರು ಬಾಗಲದಾಗ ನಿಂತು, ಪ್ರೇರಣಾ ಇಲ್ಲ, ಹೋಗು ಅಂದ್ರು."

ಪ್ರೇರಣಾ ಕಟ್ಟೆಯ ಮೇಲೆ ಕೂತಳು. ತಾಯಿ ಇದನ್ನೂ ಹೇಳಿರಲಿಲ್ಲ. ಇಂದು ಎಲ್ಲ ಒಪ್ಪಿಕೊಂಡಾಗಲೂ ಹೇಳಿರಲಿಲ್ಲ.

"ಆಣಿ ಇತ್ತು, ಖರೆ. ಆದ್ರೂ ಅವತ್ತ ನನಗ ಒಂದ ಮಾತ ಹೇಳಬಾರದಾಗಿತ್ತೇನು?" ಎಂದು ಅವಳು ಅತ್ತಳು.

"ಹೇಳಿದ್ನಲ್ರಿ, ಮುಟ್ಟಿಸಿಲ್ಲ ಅಂತ. ನೀವು ಮಷೀನ ಮಾತ ಕೇಳಿದ್ರಿ. ನಾ ಎತ್ತಿ ಆಡಿಸಿದಾಕಿ, ನನ್ನ ಮಾತಿಗೆ ಬೆಲಿ ಇಲ್ಲ ಅಂದ ಮ್ಯಾಲೆ ಏನ ಹೇಳಲಿ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಪ್ರೇರಣಾಳಿಗೆ ಹಗುರಾಗುತ್ತಿತ್ತು.

ಇಷ್ಟು ಹೊತ್ತು ಶಾಲ್ಮಲಾ ಫಕೀರವ್ವನ ಬಾಯನ್ನೇ ನೋಡುತ್ತಿದ್ದಳು. ತನ್ನ ಮುಂದಿನ ಹಲ್ಲುಗಳಿದ್ದ ಖಾಲಿ ಜಾಗವನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡಳು. ಪೇರಲಹಣ್ಣನ್ನು ದವಡೆಗೆ ಸರಿಸಿ ಕಚ್ಚಿದಳು. ಚೆನ್ನಾಗಿ ಅಗಿದಳು. ಅಗಿದ ತುಣುಕನ್ನು ಬಾಯಿಂದ ತೆಗೆದು, ಪುಟ್ಟ ಅಂಗೈಯಲ್ಲಿಟ್ಟು, ಫಕೀರವ್ವನ ಮುಖದ ಹತ್ತಿರ ಹಿಡಿದಳು. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

"ನಿನಗ ಹಲ್ಲಿಲ್ಲಲ್ಲ. ನಾ ಅಗದೀನಿ. ತಿನ್ನು."

ಫಕೀರವ್ವನ ಕೈ ಅರ್ಧದವರೆಗೆ ಬಂತು. ಅಲ್ಲೇ ನಿಂತಿತು. ಅವಳು ಪ್ರೇರಣಾಳ ಮುಖ ನೋಡಿದಳು.

"ತಗೋ ಫಕೀರವ್ವ" ಎಂದಳು ಪ್ರೇರಣಾ. "ನಿನ್ನ ಕಾಲ ಬೀಳತೀನಿ, ತಗೋ."

ಫಕೀರವ್ವ ಕೈಯನ್ನು ಹಿಂದೆ ತೆಗೆದುಕೊಂಡಳು. ಸೆರಗನ್ನು ಮತ್ತೆ ಬಾಯಿಗೆ ಅಡ್ಡ ಹಿಡಿದು, ಮಗುವಿನ ಬೆರಳುಗಳನ್ನು ಹಣ್ಣಿನ ಮೇಲೆ ಒಂದೊಂದಾಗಿ ಮಡಿಚಿದಳು.

"ಬ್ಯಾಡ ಕೂಸ" ಎಂದಳು. "ಎಂಜಲಾ ಆಗತೈತಿ. ನಿಮ್ಮವ್ವ ಬೈತಾಳ."