ಮೂಕವಾದ ಕಿವಿ ಮೆಷಿನ್

"ಕಿವಿ ಮೆಷಿನ್ ಬದಲಾಗಿದೆ!" ಲಕ್ಷ್ಮೀಪುರಂನ ಆ ಮನೆಯಲ್ಲಿ ಬೆಳಗಿನ ಕಾಫಿ ಆರುವ ಮೊದಲೇ ಕೂಗೆದ್ದಿತು. ಯಜಮಾನ ಸಿದ್ದಮಲ್ಲಪ್ಪನವರ ಎಡಗಿವಿ ಎಂದೋ ಹೋದದ್ದು. ಬಲಗಿವಿಗೆ ಹೊಸದಾಗಿ ತಂದ ಮೆಷಿನ್ ಈಗ ಸದ್ದೇ ಮಾಡುತ್ತಿಲ್ಲ. ಹೆಂಡತಿ ಸರ್ವಮಂಗಳಮ್ಮ ತೀರ್ಪು ಕೊಟ್ಟೇಬಿಟ್ಟರು — ಯಜಮಾನರನ್ನು ನೋಡಿಕೊಳ್ಳಲು ಬರುವ ವರ್ಷಿಣಿ ಒಳ್ಳೆಯದನ್ನು ಲಪಟಾಯಿಸಿ ಕೆಟ್ಟದ್ದನ್ನು ಇಟ್ಟಿದ್ದಾಳೆ!

ಪೊಲೀಸರಿಗೆ ಹೇಳುವ ಮುಂಚೆ ಪಕ್ಕದ ಮನೆಯ ಮರಿಸ್ವಾಮಿಯವರನ್ನು ಕರೆದರು. ಕ್ರೈಂ ಬ್ರಾಂಚಿನಿಂದ ನಿವೃತ್ತರಾದವರು. ಕಣ್ಣು ನೋಡಿಯೇ ಅರ್ಧ ಕೇಸು ಮುಗಿಸುವ ಆಸಾಮಿ. ವರ್ಷಿಣಿಯ ಕಣ್ಣಲ್ಲಿ ಅವರಿಗೆ ಕಂಡದ್ದು ಭಯವಲ್ಲ, ಸಿಟ್ಟು. ಭೇಷ್, ಎಂದುಕೊಂಡರು.

"ಕಳ್ಳಿ ಅಂತ ಹೆಸರು ಬಂದ್ರೆ ಇನ್ಯಾರು ಸಾರ್ ಕೆಲಸ ಕೊಡ್ತಾರೆ?" ಎಂದಳು ಅವಳು.

"ತಡಿಯಮ್ಮ. ಯಾವಾಗಿಂದ ಕೇಳಿಸ್ತಿಲ್ಲ?"

"ಸೋಮವಾರದಿಂದ. ಭಾನುವಾರ ನಂಗೆ ರಜಾ."

"ಭಾನುವಾರ ಇಲ್ಲಿ ಏನ್ ನಡೀತು, ಸರ್ವಮಂಗಳಮ್ಮ?"

"ಏನ್ ನಡೀತದೆ? ಎಣ್ಣೆಸ್ನಾನ. ತಲೆಗೆ ತಟ್ಟಿದೆ, ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟೆ. ನಮ್ಮತ್ತೆ ಕಾಲದಿಂದ ನಡ್ಕೊಂಡು ಬಂದಿದೆ."

"ಆಮೇಲೆ ಮೆಷಿನ್ ಹಾಕಿದೋರು?"

"ನಾನೇ. ಯಾಕೆ?"

ಮರಿಸ್ವಾಮಿ ಮೆಷಿನ್ನನ್ನು ಕಿಟಕಿಯ ಬೆಳಕಿಗೆ ಹಿಡಿದರು. ತುದಿಯ ಪುಟ್ಟ ಜಾಲರಿಯ ತುಂಬ ಕಂದು ಜಿಡ್ಡು! ಮುಷ್ಟಿಯಲ್ಲಿ ಮುಚ್ಚಿದರು — ಸರಿಯಿದ್ದರೆ ಶಿಳ್ಳೆ ಹೊಡೆಯಬೇಕು, ಸದ್ದಿಲ್ಲ. ಮೆಷಿನ್ ಜೊತೆ ಬಂದ ಡಬ್ಬಿಯಲ್ಲಿದ್ದ ಹೊಸ ಜಾಲರಿ ಹಾಕಿ ಮತ್ತೆ ಮುಚ್ಚಿದರು. ಕುಂಯ್! ಮೆಷಿನ್ ಶಿಳ್ಳೆ ಹೊಡೆಯಿತು.

"ನನ್ನ ಕಿವೀಲೂ ಇಂಥದ್ದೇ ಇದೆ, ಅದಕ್ಕೇ ಗೊತ್ತು. ಇದೇ ನಿಮ್ಮ ಹೊಸ ಮೆಷಿನ್ನು, ಯಾರೂ ಬದಲಾಯಿಸಿಲ್ಲ. ಎಣ್ಣೆಗೆ ಕಿವಿಯ ಗುಗ್ಗೆ ನೆಂದು ಜಾಲರಿಗೆ ಮೆತ್ಕೊಂಡಿದೆ. ಎಲ್ಲರೂ ಹುಡುಗಿ ಕೈ ನೋಡಿದ್ರಿ, ಯಜಮಾನ್ರ ಕಿವಿ ನೋಡಲಿಲ್ಲ. ಸದ್ದು ಕದ್ದೋರು ನೀವೇ ಕಣಮ್ಮ!"

ಸರ್ವಮಂಗಳಮ್ಮನ ಮುಖ ಸಪ್ಪಗಾಯಿತು. "ಈಗ ಹಾಕಿದ್ರೆ ಕೇಳ್ಸುತ್ತಾ?"

"ಎಲ್ಲಿ ಕೇಳ್ಸುತ್ತೆ? ಒಳಗೂ ಗುಗ್ಗೆ ಕಟ್ಟಿರುತ್ತೆ. ಡಾಕ್ಟ್ರು ತೆಗೀಬೇಕು. ನೀವು ಕಡ್ಡಿ ಹಾಕ್ಬುಟ್ಟೀರ ಮತ್ತೆ!"

ಸರ್ವಮಂಗಳಮ್ಮ ವರ್ಷಿಣಿಯ ಹತ್ತಿರ ಹೋಗಿ ಪಿಸುಗುಟ್ಟಿದರು. "ತಪ್ಪಾಯ್ತು ಕಣಮ್ಮ."

ವರ್ಷಿಣಿ ಕದಲಲಿಲ್ಲ. "ಹಂಗೆ ಮೆಲ್ಲಗೆ ಬೇಡ ಅಮ್ಮ. ಕೈಸನ್ನೆ ಮಾಡಿ ಯಜಮಾನ್ರಿಗೆ ನಾನು ಕಳ್ಳಿ ಅಂತ ತೋರಿಸಿದ್ರಲ್ಲ? ಅವ್ರಿಗೂ ಕೇಳೋ ಹಾಗೆ ಹೇಳಿ."

ಮರಿಸ್ವಾಮಿಗೆ ನಗು ಬಂತು, ತಡೆದುಕೊಂಡರು. ಹುಡುಗಿ ಕೇಳಿದ್ದು ನ್ಯಾಯ.

ಸರ್ವಮಂಗಳಮ್ಮ ಗಂಡನ ಕಿವಿಗೆ ಬಾಗಿದರು. "ರೀ! ಹುಡುಗಿ ಏನೂ ಕದ್ದಿಲ್ಲ ಕಣ್ರೀ! ತಪ್ಪು ನಂದೇ!"

"ಆಂ? ಏನಂದೆ?"

ಅವರು ಉಸಿರು ತುಂಬಿಕೊಂಡು ಮತ್ತೆ ಕೂಗಿದರು. ಯಜಮಾನರಿಗಿಂತ ಮೊದಲು ಇಡೀ ಬೀದಿಗೆ ಕೇಳಿಸಿತು.