ಎಸಳು ಹೋದ ದಾರಿ

"ಫ್ಲ್ಯಾಶ್‌ಲೈಟ್ ಅಲುಗಿಸಬೇಡ, ನಿಧಿ." ಅಪ್ಪನ ದನಿ ಮನೆಯ ಅಡಿಯಿಂದ ಬಂತು.

ಅಪ್ಪ ಕ್ರಾಲ್ ಸ್ಪೇಸಿನೊಳಗೆ ತೆವಳಿಕೊಂಡು ಹೋಗಿದ್ದ. ಮನೆಯ ನೆಲಕ್ಕೂ ಮಣ್ಣಿಗೂ ನಡುವಿನ ಆ ಗಿಡ್ಡ ಜಾಗದಲ್ಲಿ ನೆಟ್ಟಗೆ ಕೂರಲೂ ಆಗದು. ಹೊರಗೆ ಕಾಣುತ್ತಿದ್ದದ್ದು ಅವನ ಶೂ ಮಾತ್ರ. ಅಮೆರಿಕದ ಷಾರ್ಲೆಟ್‌ನ ಜುಲೈ ಸೆಖೆಗೆ ನಿಧಿಯ ಅಂಗೈ ಬೆವರುತ್ತಿತ್ತು.

ತಮ್ಮ ಧೀರಜನ ಕೆಮ್ಮು ನಿಂತೇ ಇರಲಿಲ್ಲ. ಮನೆಯಲ್ಲೆಲ್ಲೋ ಬೂಷ್ಟು ಹಿಡಿದಿರಬಹುದು, ಹುಡುಕಿ ಎಂದಿದ್ದರು ಡಾಕ್ಟರ್. ಪೈಪುಗಳನ್ನೆಲ್ಲ ಚೆಕ್ ಮಾಡಿ ಆಗಿತ್ತು. ಒಂದೂ ಸೋರುತ್ತಿರಲಿಲ್ಲ.

"ತೊಲೆಗಳ ತುಂಬ ಬೂಷ್ಟು. ಮುಂಬಾಗಿಲ ಕಡೆ ಮಣ್ಣೆಲ್ಲ ಕೆಸರು," ಎಂದ ಅಪ್ಪ. ಶೂ ಇನ್ನಷ್ಟು ಒಳಗೆ ಸರಿಯಿತು. "ಇಲ್ಲಿ ಚೆಂಡುಹೂವಿನ ಎಸಳು ಬಿದ್ದಿದೆಯಲ್ಲ. ಹೇಗೆ ಬಂತು?"

ಬೆಳಕು ಅಲುಗಿತು.

ದಾವಣಗೆರೆಯಿಂದ ಬಂದಾಗಿನಿಂದ ಅಜ್ಜಿ ಮಹಾದೇವಕ್ಕ ದಿನಾ ಬೆಳಿಗ್ಗೆ ಮುಂಬಾಗಿಲ ಮೆಟ್ಟಿಲು ತೊಳೆದು, ರಂಗೋಲಿ ಹಾಕಿ, ಹೂವಿಡುತ್ತಿದ್ದಳು. ಬಕೆಟ್ ತುಂಬಿಸಿ ಕೊಡುತ್ತಿದ್ದವಳು ನಿಧಿಯೇ. ನೀರು ಗೋಡೆಯ ಬುಡದ ಜಾಲರಿಯೊಳಗೆ ಇಳಿಯುವುದನ್ನು ಅವಳು ನೋಡಿದ್ದಳು. ಅದರಿಂದ ಏನಾದೀತು ಎಂದು ಮಾತ್ರ ಹೊಳೆದಿರಲಿಲ್ಲ.

ಹೇಳಿಬಿಡಲೇ? ಅಜ್ಜಿಗೆ ಕಾರ್ ಬಾರದು, ಇಂಗ್ಲಿಷ್ ಬಾರದು. ಈ ಊರಿನಲ್ಲಿ ಅವಳದು ಅಂತ ಇದ್ದದ್ದು ಆ ಮೆಟ್ಟಿಲೊಂದೇ. ಮೊಮ್ಮಗನ ಕೆಮ್ಮಿಗೆ ತಾನೇ ಕಾರಣ ಅಂತ ತಿಳಿದರೆ ಊಟವನ್ನೇ ಬಿಟ್ಟಾಳು.

ಕಿಟಕಿಯಾಚೆ ಧೀರಜ್ ಕೆಮ್ಮಿದ.

"ಐ ಡೋಂಟ್ ನೋ," ಎಂದಳು ನಿಧಿ.

ಮರುದಿನ ಬೆಳಿಗ್ಗೆ ಅಜ್ಜಿ ಬಕೆಟ್ ಕೇಳಿದರೆ ನಿಧಿ ಒಂದು ಚೊಂಬು ನೀರು ತಂದಳು.

"ಇಷ್ಟ್ರಾಗೆ ಇರುವೆ ಕಾಲು ತೊಳೀಲೇನು?" ಅಜ್ಜಿ ನಕ್ಕಳು.

ನಿಧಿ ನಗಲಿಲ್ಲ. ಮೆಟ್ಟಿಲ ಮೇಲೆ ಒಂದು ಎಸಳಿಟ್ಟು ನೀರು ಸುರಿದಳು. ಎಸಳು ಜಾರಿತು, ಗೋಡೆಯ ಬುಡಕ್ಕೆ ತೇಲಿತು, ಜಾಲರಿಯೊಳಗೆ ಮಾಯವಾಯಿತು.

"ಮನಿ ಅಡಿಗೆ ಹೋಗ್ತೈತೇನು?"

"ಹೂಂ. ಅಲ್ಲಿ ಫುಲ್ ಬೂಷ್ಟು ಹಿಡಿದಿದೆ. ಅದಕ್ಕೇ ಧೀರಜ್‌ಗೆ..." ನಿಧಿ ಚೊಂಬನ್ನು ಕೆಳಗಿಟ್ಟಳು. "ನೀರು ನಾನೇ ತುಂಬಿಸ್ದೆ, ಅಜ್ಜಿ."

ಅಜ್ಜಿ ಎದ್ದು ಒಳಗೆ ಹೋದಳು. ರಂಗೋಲಿ ಡಬ್ಬಿ ಮೆಟ್ಟಿಲ ಮೇಲೇ ಉಳಿಯಿತು. ಇನ್ನು ಅವಳು ಇಲ್ಲಿ ಕೂರುವುದಿಲ್ಲ ಎಂದುಕೊಂಡಳು ನಿಧಿ.

ಒಳಗೆ ಅಜ್ಜಿ ಅಪ್ಪನಿಗೆ ಹೇಳುವುದು ಕೇಳಿಸಿತು. "ಗೋಪಿ, ಆ ನೀರು ನಂದೇ ಕಣಪ್ಪ."

ಅಪ್ಪ ಬೈಯಲಿಲ್ಲ. ಮೊದಲು ಬೂಷ್ಟು ತೆಗೆಸಿ ಒಣಗಿಸೋಣ, ಆಮೇಲೆ ತೇವ ಮೇಲೇರದ ಹಾಗೆ ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಸೋಣ ಎಂದ.

ಅಜ್ಜಿ ಒದ್ದೆ ಬಟ್ಟೆ ಹಿಡಿದು ಹೊರಗೆ ಬಂದಳು. ಮೆಟ್ಟಿಲನ್ನು ಮೂಲೆ ಬಿಡದೆ ಒರೆಸಿ, ಬಟ್ಟೆಯನ್ನು ನಿಧಿಯ ಕೈಗಿಟ್ಟಳು. "ದೂರ ಹೋಗಿ ಹಿಂಡು."

ನಿಧಿ ರಸ್ತೆಯಂಚಿನ ಮೇಲ್‌ಬಾಕ್ಸ್‌ವರೆಗೂ ಓಡಿ ಹಿಂಡಿದಳು. ತಿರುಗಿ ಬಂದಾಗ ರಂಗೋಲಿ ಮುಗಿಯುತ್ತ ಬಂದಿತ್ತು. ಅಂಚಿನ ಒಂದು ಎಳೆಯನ್ನು ಮಾತ್ರ ಅಜ್ಜಿ ಬಿಡಿಸದೆ ಬಿಟ್ಟಿದ್ದಳು.

ನಿಧಿ ಅವಳ ಪಕ್ಕ ಕೂತು ಡಬ್ಬಿಗೆ ಕೈ ಹಾಕಿದಳು.